ಡಿಸೆಂಬರ್ ರಜೆ, ಇಬ್ಬರು, ಎರಡು ಬೆನ್ನಚೀಲ, ವಿಯೆಟ್ನಾಂ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹಲವು ಕಂಪನಿಗಳು ಕ್ರಿಸ್‌ಮಸ್ ಹೊತ್ತಿಗೆ ಅರ್ಧ ಬಾಗಿಲು ಎಳೆದುಬಿಡುತ್ತವೆ. ಉಳಿಸಿಕೊಂಡ ನಾಲ್ಕೈದು ರಜೆ ಜೋಡಿಸಿದರೆ ಹನ್ನೆರಡು ದಿನ ಕೈಗೆ ಬರುತ್ತದೆ. ಆ ಹನ್ನೆರಡು ದಿನವನ್ನು ಪ್ಯಾಕೇಜ್ ಟೂರಿನ ಹಂಗಿಲ್ಲದೆ ವಿಯೆಟ್ನಾಂನಲ್ಲಿ ಕಳೆಯಬೇಕೆನ್ನುವ ಜೋಡಿಗಳಿಗಾಗಿ ಇದನ್ನು ಬರೆದಿದ್ದೇವೆ. ಇಲ್ಲಿ ಕೊಟ್ಟಿರುವ ದರಗಳು ಅಂದಾಜಿನವು. ವರ್ಷದ ಕೊನೆಯ ವಾರದಲ್ಲಿ ಇದಕ್ಕಿಂತ ಒಂದಿಷ್ಟು ಹೆಚ್ಚೇ ಇರುತ್ತವೆ ಎಂದುಕೊಂಡು ಹೊರಡಿ.

ಡಿಸೆಂಬರ್‌ನಲ್ಲಿ ಅಲ್ಲಿ ಚಳಿಯೋ ಸೆಕೆಯೋ ಮಳೆಯೋ?

ಮೂರೂ ಇರುತ್ತವೆ, ಒಂದೇ ವಾರದಲ್ಲಿ. ಇದನ್ನು ಗಮನಿಸದೆ ಟಿಕೆಟ್ ಮಾಡಿಸುವುದೇ ಹೆಚ್ಚಿನವರು ಮಾಡುವ ಮೊದಲ ತಪ್ಪು.

ವಿಯೆಟ್ನಾಂ ಉದ್ದನೆಯ ದೇಶ. ಹನೋಯ್‌ನಿಂದ ಸೈಗಾನ್‌ಗೆ, ಅಂದರೆ ಹೋ ಚಿ ಮಿನ್ ಸಿಟಿಗೆ, ರೈಲು ಹಳಿಯ ಲೆಕ್ಕದಲ್ಲಿ 1,726 ಕಿ.ಮೀ. ಡಿಸೆಂಬರ್ ಕೊನೆಯಲ್ಲಿ ಹನೋಯ್ ಹೆಚ್ಚುಕಡಿಮೆ ಮಡಿಕೇರಿಯಂತಿರುತ್ತದೆ: 15ರಿಂದ 21 ಡಿಗ್ರಿ, ಮೋಡ, ಆಗಾಗ ಜಿಟಿಜಿಟಿ. ಅದಕ್ಕೂ ಮೇಲೆ ಬೆಟ್ಟದ ಸಾಪಾದಲ್ಲಿ ರಾತ್ರಿ 6–7 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಕೆಲವು ರಾತ್ರಿ ಸೊನ್ನೆಯ ಹತ್ತಿರಕ್ಕೂ ಹೋಗುತ್ತದೆ. ಸೈಗಾನ್ ಮಾತ್ರ ಮಂಗಳೂರಿನ ಡಿಸೆಂಬರ್ ಇದ್ದ ಹಾಗೆ. ಹಗಲು 31 ಡಿಗ್ರಿ, ಮಳೆ ಇಲ್ಲ.

ತಲೆನೋವು ಕೊಡುವುದು ನಡುವಿನ ಕರಾವಳಿ: ಹುಎ, ದಾ ನಾಂಗ್, ಹೋಯ್ ಆನ್. ನಮ್ಮ ಕರಾವಳಿಗೆ ಮಳೆ ಪಶ್ಚಿಮದಿಂದ ಬಂದು ಘಟ್ಟಕ್ಕೆ ತಾಗಿ ಸುರಿಯುತ್ತದೆ. ಅಲ್ಲಿ ಸಮುದ್ರವಿರುವುದು ಪೂರ್ವಕ್ಕೆ, ಬೆನ್ನಿಗೆ ಟ್ರುವಾಂಗ್ ಸೊನ್ ಬೆಟ್ಟಸಾಲು, ಮಳೆ ತರುವುದು ಈಶಾನ್ಯ ಮಾರುತ. ಹಾಗಾಗಿ ನಮ್ಮ ಆಷಾಢದಂಥ ಮಳೆ ಅವರಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹೋಯ್ ಆನ್‌ನ ಹಳೆಪೇಟೆಗೆ ಥು ಬೋನ್ ನದಿ ನುಗ್ಗುವುದು ಬಹುಮಟ್ಟಿಗೆ ಅಕ್ಟೋಬರ್–ನವೆಂಬರ್‌ನಲ್ಲಿ. ಡಿಸೆಂಬರ್ ಕೊನೆಗೆ ಜೋರು ಇಳಿದಿರುತ್ತದೆ, ಆದರೂ ಎರಡು ದಿನ ಬಿಡದೆ ಸುರಿದರೆ ಆಶ್ಚರ್ಯಪಡಬೇಡಿ. ಅಲ್ಲಿ ಸಮುದ್ರಸ್ನಾನದ ಆಸೆ ಇಟ್ಟುಕೊಳ್ಳಬಾರದು. ಅಲೆ ಒರಟು, ನೀರು ಕೆಂಪು.

ಹಾಗಾದರೆ ಹನ್ನೆರಡು ದಿನಕ್ಕೆ ಯಾವ ದಾರಿ ಹಿಡಿಯಬೇಕು?

ಉತ್ತರದಲ್ಲಿ ಇಳಿದು ದಕ್ಷಿಣದಿಂದ ಹೊರಡಿ. ಹೋದ ಊರಿಗೇ ವಾಪಸ್ ಬರುವ ಟಿಕೆಟ್ ತೆಗೆದರೆ ಒಂದು ಇಡೀ ದಿನವೂ ಒಂದು ಒಳನಾಡಿನ ವಿಮಾನದ ದುಡ್ಡೂ ನಷ್ಟ. ಚಳಿಯ ಕಡೆಯಿಂದ ಸೆಕೆಯ ಕಡೆಗೆ ಹೋಗುವುದರಲ್ಲಿ ಇನ್ನೊಂದು ಅನುಕೂಲವಿದೆ: ದಿನ ಕಳೆದಂತೆ ಮೈಮೇಲಿನ ಬಟ್ಟೆ ಕಡಿಮೆಯಾಗುತ್ತದೆ. ಸ್ವೆಟರ್ ಚೀಲ ಸೇರುವ ಹೊತ್ತಿಗೆ ತಿಂಡಿ ಪೊಟ್ಟಣಗಳು ಖಾಲಿಯಾಗಿ ಜಾಗ ಆಗಿರುತ್ತದೆ.

ನಮ್ಮ ಆಯ್ಕೆ ಹೀಗಿದೆ. ಹನೋಯ್ 2 ರಾತ್ರಿ, ನಿನ್ ಬಿನ್ 2 ರಾತ್ರಿ, ರಾತ್ರಿ ರೈಲಿನಲ್ಲಿ 1, ಹುಎ 1, ಹೋಯ್ ಆನ್ 3, ದಾ ನಾಂಗ್‌ನಿಂದ ವಿಮಾನದಲ್ಲಿ ಸೈಗಾನ್, ಅಲ್ಲಿ 2. ಒಟ್ಟು ಹನ್ನೊಂದು ರಾತ್ರಿ. ಹನ್ನೆರಡನೆಯದು ಹೋಗಿಬರುವ ವಿಮಾನದಲ್ಲಿ ಕಳೆಯುತ್ತದೆ.

ನಿನ್ ಬಿನ್‌ಗೆ ಎರಡು ರಾತ್ರಿ ಕೊಟ್ಟಿದ್ದಕ್ಕೆ ಕಾರಣವಿದೆ. ಹನೋಯ್‌ನಿಂದ ನೂರು ಕಿ.ಮೀ. ಚಿಲ್ಲರೆ ದೂರ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆಗೆ ಮರಳುವವರೆಲ್ಲ ಹತ್ತರಿಂದ ಮೂರರ ನಡುವೆ ದೋಣಿಗೆ ಸಾಲು ನಿಲ್ಲುತ್ತಾರೆ. ಅಲ್ಲೇ ಉಳಿದವರು ಬೆಳಿಗ್ಗೆ ಏಳೂವರೆಗೆ ಚಾಂಗ್ ಆನ್ ದೋಣಿ ಹತ್ತಬಹುದು. ದೋಣಿಗೆ ನಾಲ್ವರು, ಸುಮಾರು ಮೂರು ಗಂಟೆ, ತಲಾ 2,50,000 ಡಾಂಗ್ (ಅಲ್ಲಿನ ಹಣ) ಆಸುಪಾಸು. ಗುಹೆಗಳೊಳಗೆ ತಲೆ ಬಗ್ಗಿಸಿ ಸಾಗುವ ಈ ದಾರಿ 2014ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಇಬ್ಬರಿಗೇ ಒಂದು ದೋಣಿ ಬೇಕಿದ್ದರೆ ಪಕ್ಕದ ತಾಮ್ ಕೊಕ್‌ಗೆ ಹೋಗಿ, ಅಲ್ಲಿ ಕಾಲಿನಿಂದಲೇ ಹುಟ್ಟು ಹಾಕುತ್ತಾರೆ. ಆದರೆ ಫೋಟೊಗಳಲ್ಲಿ ಕಾಣುವ ಚಿನ್ನದ ಬಣ್ಣದ ಗದ್ದೆ ಮೇ ಕೊನೆಯದ್ದು. ಡಿಸೆಂಬರ್‌ನಲ್ಲಿ ಇರುವುದು ಬರೀ ನೀರು ಮತ್ತು ಕಲ್ಲುಗುಡ್ಡ.

ಸಾಪಾ, ಹಾ ಜ್ಯಾಂಗ್, ಹಾಲಾಂಗ್ ಎಲ್ಲ ಬಿಟ್ಟೇಬಿಟ್ಟಿರಲ್ಲ?

ಬೇಕೆಂದೇ ಬಿಟ್ಟಿದ್ದು. ಹನ್ನೆರಡು ದಿನಕ್ಕೆ ಐದು ಊರು ಸಾಕು. ಆರನೆಯದು ಸೇರಿದರೆ ಪ್ರತಿ ಎರಡನೇ ದಿನ ಚೀಲ ಕಟ್ಟುವುದೇ ಕೆಲಸವಾಗುತ್ತದೆ. ಇಬ್ಬರ ನಡುವೆ ಜಗಳ ಶುರುವಾಗುವುದೂ ಸಾಮಾನ್ಯವಾಗಿ ಅಲ್ಲಿಂದಲೇ.

ಸಾಪಾದ ಮೆಟ್ಟಿಲು ಗದ್ದೆಗಳ ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ ಮುಗಿದಿರುತ್ತದೆ. ಡಿಸೆಂಬರ್‌ನಲ್ಲಿ ಕಂದು ಮಣ್ಣು, ಮೇಲೆ ಮಂಜು. ಫಾನ್ಸಿಪಾನ್ ಶಿಖರಕ್ಕೆ ಕೇಬಲ್ ಕಾರಿನಲ್ಲಿ ಹತ್ತಿದರೂ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣದ ದಿನಗಳು ಬಹಳ. ಹಾ ಜ್ಯಾಂಗ್‌ನ ಬೆಟ್ಟದ ಸುತ್ತು, ಸುಮಾರು 350 ಕಿ.ಮೀ., ನಿಜಕ್ಕೂ ಚೆಂದ. ಆದರೆ ಹನೋಯ್‌ನಿಂದ ಹೋಗಿಬರುವುದೂ ಸೇರಿ ಐದು ದಿನ ಬೇಕು, ಕೈ ಮರಗಟ್ಟುವ ಚಳಿ ಬೇರೆ. ಹೋಗಲೇಬೇಕಿದ್ದರೆ ನಡುವಿನ ಕರಾವಳಿಯನ್ನು ಪೂರ್ತಿ ಕೈಬಿಟ್ಟು ಹೋಗಿ.

ಹಾಲಾಂಗ್ ಕೊಲ್ಲಿಯ ಒಂದು ರಾತ್ರಿಯ ಹಡಗು ಯಾನ ಮಾರುವವರು ಅದನ್ನು ಎರಡು ದಿನ ಎನ್ನುತ್ತಾರೆ. ಮಧ್ಯಾಹ್ನ ಹತ್ತಿ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಇಳಿಸುತ್ತಾರೆ. ಮಂಜು ಅಥವಾ ಗಾಳಿ ಹೆಚ್ಚಿದರೆ ಬಂದರಿನವರು ಹಡಗು ಬಿಡುವುದಿಲ್ಲ, ಆಗ ಹಣ ವಾಪಸ್ಸಾ ಬೇರೆ ದಿನವಾ ಎಂಬುದನ್ನು ಬುಕ್ ಮಾಡುವ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ನಿನ್ ಬಿನ್‌ನದೂ ಅದೇ ಸುಣ್ಣಕಲ್ಲಿನ ಗುಡ್ಡ. ಅಲ್ಲಿ ಸಮುದ್ರದಲ್ಲಿ ನಿಂತಿವೆ, ಇಲ್ಲಿ ಗದ್ದೆಯಲ್ಲಿ.

ಬೀಚ್ ಬೇಕೇ ಬೇಕು ಅಂದರೆ?

ಫೂ ಕ್ವಾಕ್ ದ್ವೀಪ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ. ಹುಎ–ಹೋಯ್ ಆನ್ ಬಿಟ್ಟು ಅಲ್ಲಿಗೆ ಹೋಗಬಹುದು. ವರ್ಷದ ಕೊನೆಯ ವಾರ ಅದು ಅಗ್ಗದ ಜಾಗ ಅಲ್ಲ.

ಇ-ವೀಸಾ ಮಾಡಿಸುವುದು ಹೇಗೆ, ಎಲ್ಲಿ ಎಡವುತ್ತಾರೆ?

ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕು. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ್ದಕ್ಕೆ 50 ಡಾಲರ್. 2023ರ ಆಗಸ್ಟ್ 15ರಿಂದ ಇ-ವೀಸಾ 90 ದಿನದವರೆಗೆ ಸಿಗುತ್ತದೆ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳು ಅವಧಿ ಇರಲಿ. ಪಾಸ್‌ಪೋರ್ಟ್‌ನ ಫೋಟೊ ಪುಟದ ಚಿತ್ರ, ಕನ್ನಡಕವಿಲ್ಲದ ಮುಖದ ಫೋಟೊ, ಇಳಿಯುವ ವಿಮಾನ ನಿಲ್ದಾಣ, ಮೊದಲ ಹೋಟೆಲಿನ ವಿಳಾಸ ಇಷ್ಟು ಕೇಳುತ್ತಾರೆ.

ಗೂಗಲ್‌ನಲ್ಲಿ ಹುಡುಕಿದರೆ ಮೇಲುಗಡೆ ಬರುವುದು ಬಹುತೇಕ ಏಜೆಂಟರ ತಾಣಗಳು, ಸರ್ಕಾರದ್ದರಂತೆಯೇ ಕಾಣುತ್ತವೆ. ವಿಳಾಸದ ಕೊನೆಯಲ್ಲಿ ‘ಡಾಟ್ ಗವ್ ಡಾಟ್ ವಿಎನ್’ ಇದೆಯೇ ನೋಡಿ. ಇಲ್ಲದಿದ್ದರೆ ಮುಚ್ಚಿಬಿಡಿ.

ಮೂರು ಕೆಲಸದ ದಿನ ಎಂದು ಹೇಳುತ್ತಾರೆ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ, ಡಿಸೆಂಬರ್‌ನಲ್ಲಿ ಅರ್ಜಿಗಳ ರಾಶಿ ಬೇರೆ. ಹೊರಡುವ ಮೂರರಿಂದ ನಾಲ್ಕು ವಾರ ಮೊದಲೇ ಹಾಕಿ. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ.

ವೀಸಾ ಶುರುವಾಗುವ ದಿನಾಂಕಕ್ಕಿಂತ ಒಂದು ಗಂಟೆ ಮುಂಚೆ ಇಳಿದರೂ ಒಳಗೆ ಬಿಡುವುದಿಲ್ಲ, ಅಷ್ಟಕ್ಕೂ ಬೆಂಗಳೂರಿನಲ್ಲೇ ವಿಮಾನ ಹತ್ತಿಸುವುದಿಲ್ಲ. ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಮಧ್ಯರಾತ್ರಿಯ ಆಸುಪಾಸಿನ ವಿಮಾನವಾದರೆ ಹೊರಡುವ ದಿನಾಂಕ ಒಂದು, ಇಳಿಯುವುದು ಇನ್ನೊಂದು. ಶುರುವಿನ ದಿನಾಂಕವನ್ನು ಒಂದು ದಿನ ಹಿಂದಕ್ಕೆ, ಮುಗಿಯುವುದನ್ನು ಎರಡು ದಿನ ಮುಂದಕ್ಕೆ ಹಾಕಿಕೊಂಡರೆ ನಿದ್ದೆಗೆ ಭಂಗವಿಲ್ಲ. ಬಂದ ವೀಸಾವನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ, ಎರಡೆರಡು ಪ್ರತಿ ಮುದ್ರಿಸಿ.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ತೊಂದರೆಯೇ?

ನಮ್ಮ ಕಡೆ ಇದು ಮಾಮೂಲು. ಹೆಸರಿನ ಮುಂದೆ ಊರಿನದ್ದೋ ಅಪ್ಪನದ್ದೋ ಇನಿಷಿಯಲ್ ಇಟ್ಟುಕೊಂಡವರಲ್ಲಿ ಅನೇಕರ ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು ‘ಗಿವನ್ ನೇಮ್’ ಜಾಗದಲ್ಲೇ ಇರುತ್ತದೆ. ಪ್ರಯಾಣಕ್ಕೆ ಅಡ್ಡಿಯಿಲ್ಲ. ಆದರೆ ಮೂರು ಕಡೆ ಹೆಸರು ಒಂದೇ ಥರ ಇರಬೇಕು: ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟ್.

ಅಳತೆಗೋಲು ಪಾಸ್‌ಪೋರ್ಟ್ ಪುಟದ ತಳದಲ್ಲಿರುವ, ಬಾಣದ ಗುರುತುಗಳ ಎರಡು ಸಾಲು. ಯಂತ್ರ ಓದುವುದು ಅದನ್ನೇ. ಅಲ್ಲಿ ಇಲ್ಲದ್ದನ್ನು ಸೇರಿಸಬೇಡಿ. ಇನಿಷಿಯಲ್ ಬಿಡಿಸಿ ಬರೆದಿದ್ದರೆ ಅರ್ಜಿಯಲ್ಲೂ ಬಿಡಿಸಿಯೇ ಬರೆಯಿರಿ. ವಿಮಾನ ಸಂಸ್ಥೆಗಳಿಗೆ ಮಾತ್ರ ಎರಡು ಜಾಗವೂ ತುಂಬಬೇಕು. ಕೆಲವರು ಅದೇ ಹೆಸರನ್ನು ಎರಡು ಸಲ ಬರೆಯಲು ಹೇಳುತ್ತಾರೆ, ಕೆಲವರು ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಎಂದು ಹಾಕಿಸುತ್ತಾರೆ. ಟಿಕೆಟ್ ಮಾಡುವ ಮೊದಲು ಆಯಾ ಸಂಸ್ಥೆಯ ನಿಯಮ ಓದಿ, ಏಕೆಂದರೆ ಆಮೇಲೆ ಹೆಸರು ತಿದ್ದಿಸಲು ದುಡ್ಡು ಕಟ್ಟಬೇಕಾಗುತ್ತದೆ. ಹೆಂಡತಿಯ ಪಾಸ್‌ಪೋರ್ಟ್ ತವರಿನ ಹೆಸರಿನಲ್ಲಿದ್ದರೆ ಹಾಗೇ ಇರಲಿ, ಪ್ರವಾಸಕ್ಕೋಸ್ಕರ ಬದಲಿಸುವ ಅಗತ್ಯವಿಲ್ಲ.

ಅಗ್ಗದ ಟಿಕೆಟ್‌ಗಾಗಿ ಬ್ಯಾಂಕಾಕ್‌ವರೆಗೆ ಒಂದು, ಅಲ್ಲಿಂದ ಇನ್ನೊಂದು ಮಾಡಿಸಬಹುದೇ?

ಮಾಡಿಸಬಹುದು, ನಾವು ಹೇಳುವುದು ಬೇಡ ಅಂತ. ಎರಡು ಪ್ರತ್ಯೇಕ ಪಿಎನ್‌ಆರ್ ಇದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ. ಬ್ಯಾಂಕಾಕ್‌ನಲ್ಲಿ ವಿಮಾನ ನಿಲ್ದಾಣವೂ ಎರಡಿವೆ, ಸುವರ್ಣಭೂಮಿ ಮತ್ತು ಡಾನ್ ಮುವಾಂಗ್. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದರೆ ವಲಸೆ ಸಾಲು, ಊರಿನ ಟ್ರಾಫಿಕ್, ಮತ್ತೆ ಚೆಕ್-ಇನ್. ರಜೆಯ ವಾರದಲ್ಲಿ ಮರುದಿನದ ಟಿಕೆಟ್ ಸಿಕ್ಕರೂ ಉಳಿಸಿದ ದುಡ್ಡಿನ ಎರಡರಷ್ಟು ಹೋಗುತ್ತದೆ. ನೇರ ವಿಮಾನ, ಇಲ್ಲವೇ ಒಂದೇ ಪಿಎನ್‌ಆರ್‌ನ ಟಿಕೆಟ್ ತೆಗೆಯಿರಿ.

ಚೀಲ ಎಷ್ಟು ದೊಡ್ಡದು? ಏನೇನು ತುಂಬಬೇಕು?

ತಲಾ 40 ಲೀಟರ್, ತುಂಬಿದ ಮೇಲೆ 7 ಕೆಜಿ. ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಇರುವ ಮಿತಿ ಅದೇ, ಹತ್ತುವ ಬಾಗಿಲಲ್ಲೂ ತೂಗುತ್ತಾರೆ. ಏಳು ಕೆಜಿ ಮೀರಿದರೆ ಅಲ್ಲೇ ಕಟ್ಟಬೇಕಾದ ಶುಲ್ಕ ಮೊದಲೇ ಕಟ್ಟಿದ್ದಕ್ಕಿಂತ ಬಹಳ ಜಾಸ್ತಿ. ಇಬ್ಬರಿಗೆ ಸೇರಿ ಒಂದೇ 20 ಕೆಜಿ ಚೆಕ್-ಇನ್ ಚೀಲ ತೆಗೆದುಕೊಳ್ಳೋಣ ಅನ್ನುವುದು ಕೇಳಲು ಚೆನ್ನ. ಕೊನೆಗೆ ಅದನ್ನು ಹುಎ ರೈಲು ನಿಲ್ದಾಣದ ಮೆಟ್ಟಿಲಲ್ಲಿ ಒಬ್ಬರೇ ಹೊರುತ್ತಾರೆ.

ಖಾಲಿ ಚೀಲವೇ ಒಂದೂಕಾಲು ಕೆಜಿ. ಉಳಿದ ಐದೂ ಮುಕ್ಕಾಲಿನಲ್ಲಿ ತಲಾ ಇಷ್ಟು: ಬೇಗ ಒಣಗುವ ಟೀ ಶರ್ಟ್ 4, ಪ್ಯಾಂಟ್ 2, ತೆಳು ಥರ್ಮಲ್ ಒಂದು ಜೊತೆ, ಸ್ವೆಟರ್ ಅಥವಾ ಫ್ಲೀಸ್ 1, ಮಳೆ ತಡೆಯುವ ವಿಂಡ್‌ಚೀಟರ್ 1, ಒಳಉಡುಪು 5, ಕಾಲುಚೀಲ 4 ಜೊತೆ, ಪಂಚೆ ಅಥವಾ ತೆಳು ಟವೆಲ್ 1, ಚಪ್ಪಲಿ. ಶೂ ಕಾಲಲ್ಲೇ ಇರುತ್ತದೆ. ಜೀನ್ಸ್ ಬೇಡ. ಒದ್ದೆಯಾದರೆ ಹನೋಯ್ ಚಳಿಯಲ್ಲಿ ಮೂರು ದಿನಕ್ಕೂ ಒಣಗುವುದಿಲ್ಲ. ಬಟ್ಟೆ ಒಗೆದುಕೊಡುವವರು ಪ್ರತಿ ಊರಲ್ಲೂ ಇದ್ದಾರೆ, ಕೆಜಿಗೆ 20ರಿಂದ 40 ಸಾವಿರ ಡಾಂಗ್. ಉತ್ತರದಲ್ಲಿ ಕೊಡುವಾಗ ಡ್ರೈಯರ್ ಇದೆಯೇ ಕೇಳಿ, ಇಲ್ಲವಾದರೆ ವಾಪಸ್ ಬರುವುದು ಮುಗ್ಗಲು ವಾಸನೆಯ ತೇವದ ಬಟ್ಟೆ.

ಸೋಪು, ಪೇಸ್ಟು, ಔಷಧಿ, ಚಾರ್ಜರ್ ಇಬ್ಬರಿಗೂ ಒಂದೇ ಸಾಕು. ನಮ್ಮ ತೆಳು ಎರಡು ಪಿನ್ನಿನ ಚಾರ್ಜರ್ ಅಲ್ಲಿನ ಸಾಕೆಟ್‌ಗೆ ಕೂರುತ್ತದೆ, ದಪ್ಪ ಮೂರು ಪಿನ್ನಿನದು ಕೂರುವುದಿಲ್ಲ. ಪವರ್ ಬ್ಯಾಂಕ್ ಚೆಕ್-ಇನ್ ಚೀಲಕ್ಕೆ ಹಾಕುವಂತಿಲ್ಲ. ಮಿತಿ 100 ವ್ಯಾಟ್-ಅವರ್, 20,000 ಎಂಎಎಚ್‌ನದ್ದು ಸುಮಾರು 74. ಅದರ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಭದ್ರತೆಯವರು ಕಿತ್ತಿಟ್ಟುಕೊಳ್ಳಬಹುದು.

ಮನೆಯಿಂದ ತಿಂಡಿ ಕಟ್ಟಿಕೊಂಡು ಹೋಗಬಹುದೇ?

ಚಟ್ನಿಪುಡಿ, ಹುರಿದ ಅವಲಕ್ಕಿ, ನಿಪ್ಪಟ್ಟು, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಇಷ್ಟು ಒಯ್ಯಿರಿ, ಇಬ್ಬರಿಗೂ ಸೇರಿ ಒಂದು ಕೆಜಿ ಮೀರದಂತೆ. ಎಣ್ಣೆ ತೇಲುವ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ತಡೆಯುತ್ತಾರೆ. ಒಣಕೊಬ್ಬರಿ ಗಿಟುಕನ್ನಂತೂ ಮನೆಯಲ್ಲೇ ಬಿಡಿ. ಎಣ್ಣೆ ಅಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ಚೆಕ್-ಇನ್ ಚೀಲದಲ್ಲಿ ಅದಕ್ಕೆ ಅವಕಾಶವಿಲ್ಲ. ಹೋಟೆಲ್ ಕೋಣೆಗಳಲ್ಲಿ ಬಿಸಿನೀರಿನ ಕೆಟಲ್ ಬಹುತೇಕ ಇದ್ದೇ ಇರುತ್ತದೆ.

ನಾವು ಸಸ್ಯಾಹಾರಿಗಳು. ಉಪವಾಸ ಬೀಳುತ್ತೇವಾ?

ಇಲ್ಲ. ಒಂದು ಪದ ಕಲಿತರೆ ಸಾಕು: ಚಾಯ್. ನಮಗೆ ಅದು ಕುಡಿಯುವಂಥದ್ದು, ಅವರಿಗೆ ಅದು ಬೌದ್ಧರ ಸಸ್ಯಾಹಾರ. ‘ಕ್ವಾನ್ ಚಾಯ್’ ಎಂದು ಬೋರ್ಡಿದ್ದರೆ ಅದು ಸಸ್ಯಾಹಾರಿ ಹೋಟೆಲು. ಅಮಾವಾಸ್ಯೆ–ಹುಣ್ಣಿಮೆಗೆ ಹೊಂದುವ ಚಾಂದ್ರಮಾನದ ಒಂದನೇ ಮತ್ತು ಹದಿನೈದನೇ ದಿನ ಅಲ್ಲಿ ಬಹಳ ಜನ ಮಾಂಸ ಬಿಡುತ್ತಾರೆ. ಆ ದಿನ ಮಾಮೂಲಿ ಅಂಗಡಿಗಳಲ್ಲೂ ಚಾಯ್ ಊಟ ಸಿಗುತ್ತದೆ. ದೇವಸ್ಥಾನಗಳ ಊರಾದ ಹುಎ ಈ ವಿಷಯದಲ್ಲಿ ಎಲ್ಲಕ್ಕಿಂತ ಸುಲಭ. ಕಟ್ಟುನಿಟ್ಟಿನ ಬೌದ್ಧ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ಬಿಟ್ಟವರಿಗೆ ಅದೊಂದು ಅನುಕೂಲ.

ಮೋಸ ಹೋಗುವುದು ಮಾಮೂಲಿ ಹೋಟೆಲಿನಲ್ಲಿ ‘ಮಾಂಸ ಬೇಡ’ ಎಂದಷ್ಟೇ ಹೇಳಿದಾಗ. ಮೇಲಿನ ತುಂಡು ತೆಗೆದು ಅದೇ ಮೂಳೆ ಕುದಿಸಿದ ಸಾರಿನಲ್ಲಿ ಫೋ ಶ್ಯಾವಿಗೆ ಕೊಡುತ್ತಾರೆ. ಸೊಪ್ಪಿನ ಪಲ್ಯಕ್ಕೂ ಮೀನಿನ ರಸ, ಅಂದರೆ ‘ನ್ಯೂಕ್ ಮಾಮ್’, ಬೀಳುತ್ತದೆ. ಅವರ ಲೆಕ್ಕದಲ್ಲಿ ಅದು ಉಪ್ಪಿನ ಬದಲು. ಆದ್ದರಿಂದ ‘ತೊಯ್ ಆನ್ ಚಾಯ್’ ಅನ್ನಿ, ಅಂದರೆ ನಾನು ಚಾಯ್ ತಿನ್ನುವವನು, ತಿನ್ನುವವಳು. ಜೊತೆಗೆ ‘ಖೋಂಗ್ ನ್ಯೂಕ್ ಮಾಮ್’, ಮೀನಿನ ರಸ ಬೇಡ. ಉಚ್ಚಾರಣೆಯ ಏರಿಳಿತ ತಪ್ಪಿದರೆ ಅರ್ಥವೇ ಆಗದು, ಹಾಗಾಗಿ ಇವೆರಡನ್ನೂ ಅವರ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡು ತೋರಿಸುವುದು ಖಾತ್ರಿ ದಾರಿ. ಮೊಟ್ಟೆ ತಿನ್ನುವವರಿಗೆ ‘ಬಾನ್ ಮಿ ಚುಂಗ್’, ಮೊಟ್ಟೆಯ ಬ್ರೆಡ್ಡು, ಎಲ್ಲ ಮೂಲೆಯಲ್ಲೂ ಇದೆ. ಅದರಲ್ಲೂ ಒಳಗೆ ಮಾಂಸದ ಮುದ್ದೆ ಸವರುವ ಅಭ್ಯಾಸವಿದೆ, ನೋಡುತ್ತ ನಿಲ್ಲಿ.

ಕಾಫಿಯ ಬಗ್ಗೆ ಚಿಂತೆ ಬೇಡ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು, ಬಹುಪಾಲು ರೊಬಸ್ಟಾ. ‘ಫಿನ್’ ಎಂಬ ಅವರ ಸೋಸುವ ಬಟ್ಟಲು ನಮ್ಮ ಫಿಲ್ಟರ್‌ನ ಚಿಕ್ಕ ತಮ್ಮ. ಹಾಲಿನ ಬದಲು ಮಿಲ್ಕ್‌ಮೇಡ್ ಥರದ ಗಟ್ಟಿ ಸಿಹಿ ಹಾಲು. ಹನೋಯ್‌ನ ಮೊಟ್ಟೆ ಕಾಫಿಯಲ್ಲಿ ಇರುವುದು ಬೇಯಿಸದ ಹಳದಿ, ಗೊತ್ತಿದ್ದು ಕುಡಿಯಿರಿ.

ದುಡ್ಡು ಹೇಗೆ ಒಯ್ಯಬೇಕು?

ಮೂರು ಪಾಲು ಮಾಡಿ: ಸ್ವಲ್ಪ ಡಾಲರ್ ನೋಟು, ಒಂದು ಫಾರೆಕ್ಸ್ ಕಾರ್ಡ್, ಒಂದು ಬ್ಯಾಂಕಿನ ಕಾರ್ಡ್. ಕಾರ್ಡುಗಳು ಇಬ್ಬರ ಚೀಲದಲ್ಲಿ ಒಂದೊಂದು ಇರಲಿ. ವಿದೇಶದ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಇಲ್ಲೇ ತೆರೆದು ಹೋಗಿ. ಡಾಲರ್ ನೋಟು ಹೊಸದಿರಲಿ. ಹರಿದದ್ದು, ಗೀಚಿದ್ದು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ದರ ಕತ್ತರಿಸುತ್ತಾರೆ.

ಎಟಿಎಂ ‘ನಿಮ್ಮ ದೇಶದ ಹಣದಲ್ಲಿ ಪರಿವರ್ತಿಸಲೇ’ ಎಂದು ಕೇಳಿದರೆ ಬೇಡ ಎನ್ನಿ, ಡಾಂಗ್‌ನಲ್ಲೇ ತೆಗೆಯಿರಿ. ಹೂಂ ಅಂದರೆ ಕೆಟ್ಟ ದರ ಬೀಳುತ್ತದೆ. ಒಂದು ಲಕ್ಷ ಡಾಂಗ್ ಎಂದರೆ ಸುಮಾರು 340 ರೂಪಾಯಿ. ಕೊನೆಯ ಮೂರು ಸೊನ್ನೆ ಕೈಬಿಟ್ಟು ಮೂರೂವರೆಯಿಂದ ಗುಣಿಸಿದರೆ ರೂಪಾಯಿ ಲೆಕ್ಕ ಹತ್ತಿರ ಬರುತ್ತದೆ.

20,000 ಮತ್ತು 5,00,000ದ ನೋಟು ಎರಡೂ ನೀಲಿ. ರಾತ್ರಿ ಟ್ಯಾಕ್ಸಿಯ ಮಂದ ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಸುಮಾರು 1,600 ರೂಪಾಯಿ ಹೋಯಿತು. ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಅರೆಯಲ್ಲಿಡಿ.

ಇಬ್ಬರಿಗೆ ದಿನಕ್ಕೆ ಎಷ್ಟು ಖರ್ಚು?

ವಿಮಾನ, ರೈಲು ಬಿಟ್ಟು 12ರಿಂದ 15 ಲಕ್ಷ ಡಾಂಗ್, ಅಂದರೆ 4,000–5,000 ರೂಪಾಯಿ. ಅದರಲ್ಲಿ ಸ್ನಾನಗೃಹವಿರುವ ಇಬ್ಬರ ಕೋಣೆಗೆ 4ರಿಂದ 6 ಲಕ್ಷ, ಊಟ ಕಾಫಿಗೆ 4 ಲಕ್ಷ, ಮಿಕ್ಕಿದ್ದು ಪ್ರವೇಶ ಶುಲ್ಕ ಮತ್ತು ಓಡಾಟ. ಹಾಸ್ಟೆಲ್‌ನ ಎರಡು ಬಂಕ್ ಹಾಸಿಗೆಯ ಬಾಡಿಗೆ ಕೂಡಿಸಿ ನೋಡಿ, ಎಷ್ಟೋ ಕಡೆ ಹೋಂಸ್ಟೇಯ ಸ್ವಂತ ಕೋಣೆಗೂ ಅಷ್ಟೇ ಆಗುತ್ತದೆ. ಜೋಡಿಯಾಗಿ ಹೋಗುವುದರ ಲಾಭ ಇಲ್ಲಿ.

ರಾತ್ರಿ ರೈಲೋ ಸ್ಲೀಪರ್ ಬಸ್ಸೋ?

ರೈಲು. ಸ್ಲೀಪರ್ ಬಸ್ಸಿನ ಮಲಗುವ ಪೆಟ್ಟಿಗೆ ಅಲ್ಲಿನವರ ಎತ್ತರಕ್ಕೆ ಮಾಡಿದ್ದು. ಐದು ಅಡಿ ಒಂಬತ್ತು ಇಂಚು ದಾಟಿದವರು ಮೊಣಕಾಲು ಮಡಚಿಯೇ ಇರಬೇಕು. ಚಾಲಕರ ಆತುರದ ಬಗ್ಗೆ ಹೇಳದಿರುವುದೇ ಲೇಸು.

ಹನೋಯ್–ಹುಎ 688 ಕಿ.ಮೀ., ಹದಿಮೂರು–ಹದಿನಾಲ್ಕು ಗಂಟೆ. ಹಲವು ರೈಲು ನಿನ್ ಬಿನ್‌ನಲ್ಲಿ ನಿಲ್ಲುತ್ತವೆ, ಹತ್ತಲು ಹನೋಯ್‌ಗೆ ಮರಳಬೇಕಿಲ್ಲ. ರೈಲಿನ ಹೆಸರಿನಲ್ಲಿ ‘ಎಸ್‌ಇ’ ನಂತರದ ಸಂಖ್ಯೆ ಬೆಸವಾದರೆ ದಕ್ಷಿಣಕ್ಕೆ, ಸಮವಾದರೆ ಉತ್ತರಕ್ಕೆ. ನಾಲ್ಕು ಬರ್ತಿನ ಮೆತ್ತನೆ ಹಾಸಿಗೆಯ ಕೋಣೆ ತೆಗೆದುಕೊಳ್ಳಿ. ಆರು ಬರ್ತಿನದ್ದರಲ್ಲಿ ಮೇಲಿನವರು ಎದ್ದು ಕೂರಲೂ ಆಗದು. ಕೆಳಗಿನ ಬರ್ತಿಗೆ ದರ ಹೆಚ್ಚು, ಹಗಲಲ್ಲಿ ಎಲ್ಲರೂ ಬಂದು ಕೂರುವುದೂ ಅಲ್ಲೇ, ನಮ್ಮ ರೈಲಿನ ಹಾಗೆಯೇ. ಕೆಳಗೊಂದು, ಅದರ ನೇರ ಮೇಲೊಂದು ಕಾದಿರಿಸಿದರೆ ಒಂದು ಪಕ್ಕ ಪೂರ್ತಿ ನಿಮ್ಮದು. ರಜೆಯ ವಾರಕ್ಕೆ ಒಂದೂವರೆ ತಿಂಗಳು ಮೊದಲೇ ಮಾಡಿಸಿ.

ಹುಎ–ದಾ ನಾಂಗ್ ನಡುವಿನ 103 ಕಿ.ಮೀ. ಮಾತ್ರ ಹಗಲಲ್ಲೇ ಹೋಗಿ. ಹಾಯ್ ವಾನ್ ಘಟ್ಟದ ಮಗ್ಗುಲಲ್ಲಿ ಹಳಿ ಸಮುದ್ರಕ್ಕೆ ತಾಗಿಕೊಂಡೇ ಸಾಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕೂರಿ. ಹೋಯ್ ಆನ್‌ಗೆ ರೈಲಿಲ್ಲ, ದಾ ನಾಂಗ್‌ನಿಂದ 30 ಕಿ.ಮೀ. ರಸ್ತೆ.

ಐಡಿಪಿ (ಅಂತರರಾಷ್ಟ್ರೀಯ ಚಾಲನಾ ಪರವಾನಗಿ) ಮಾಡಿಸಿದ್ದೇವೆ. ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಬಹುದಲ್ಲ?

ಕೊಡುವವರು ಏನೂ ಕೇಳದೆ ಕೊಡುತ್ತಾರೆ. ತೊಡಕು ಆಮೇಲೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ ಪ್ರಕಾರದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಅಂದರೆ ಕಾನೂನಿನ ಕಣ್ಣಿಗೆ ನೀವು ಪರವಾನಗಿ ಇಲ್ಲದೆ ಓಡಿಸುತ್ತಿದ್ದೀರಿ. ಪೊಲೀಸರ ದಂಡ ಸಣ್ಣ ಮಾತು. ಬಿದ್ದು ಕಾಲು ಮುರಿದರೆ ಪ್ರವಾಸ ವಿಮೆಯವರು ಇದೇ ಕಾರಣಕ್ಕೆ ಕೈ ಎತ್ತಬಹುದು. ಬೆಂಗಳೂರಿನಲ್ಲಿ ಹದಿನೈದು ವರ್ಷ ಓಡಿಸಿದ ಅನುಭವ ಅಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ವಾಹನ ಸಾಗುವುದು ರಸ್ತೆಯ ಬಲಕ್ಕೆ. ನಿನ್ ಬಿನ್ ಮತ್ತು ಹೋಯ್ ಆನ್‌ನಲ್ಲಿ ಸೈಕಲ್ ಸಾಕು. ಊರೊಳಗೆ ಊಬರ್ ಥರದ ಗ್ರ್ಯಾಬ್ ಆ್ಯಪ್‌ನಲ್ಲಿ ಬೈಕ್ ಅಥವಾ ಕಾರು ಕರೆಯಿರಿ. ಆ್ಯಪ್ ಹಾಕಿ ಫೋನ್ ನಂಬರ್ ದೃಢೀಕರಿಸುವುದನ್ನು ಇಲ್ಲೇ ಮುಗಿಸಿಕೊಳ್ಳಿ.

ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ, ಒಂದೇ ವೇಗದಲ್ಲಿ ನಡೆಯುತ್ತ ಹೋಗಿ. ನಡುವೆ ಓಡಿದರೆ, ತಟ್ಟನೆ ನಿಂತರೆ ಅಪಾಯ. ಸವಾರರು ನಿಮ್ಮ ನಡಿಗೆಯನ್ನು ಅಂದಾಜಿಸಿ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಾರೆ.

ಫೋನ್, ಓಟಿಪಿ?

ಅಲ್ಲಿನ ಡೇಟಾಗೆ ಇ-ಸಿಮ್ ಅಥವಾ ವಿಮಾನ ನಿಲ್ದಾಣದಲ್ಲೇ ಸಿಗುವ ಸಿಮ್. ಹಳ್ಳಿ ಕಡೆಗೂ ಹೋಗುವವರಿಗೆ ವಿಯೆಟ್ಟೆಲ್ ವಾಸಿ. ಇಬ್ಬರೂ ಬೇರೆ ಬೇರೆ ಹಾಕಿಸಿಕೊಳ್ಳಿ. ಒಬ್ಬರ ಹಾಟ್‌ಸ್ಪಾಟ್ ನಂಬಿದರೆ ಜನಜಂಗುಳಿಯಲ್ಲಿ ತಪ್ಪಿಸಿಕೊಂಡಾಗ ಇನ್ನೊಬ್ಬರು ಕುರುಡು. ನಮ್ಮ ನಂಬರಿನ ರೋಮಿಂಗ್ ಇಲ್ಲಿಂದಲೇ ಶುರುಮಾಡಿಸಿ ಡೇಟಾ ರೋಮಿಂಗ್ ಆರಿಸಿಡಿ, ಬ್ಯಾಂಕಿನ ಓಟಿಪಿ ಬರುತ್ತಿರುತ್ತದೆ. ಸೈಗಾನ್‌ನಲ್ಲಿ ರಸ್ತೆಯಂಚಿಗೆ ನಿಂತು ಮ್ಯಾಪ್ ನೋಡಬೇಡಿ. ಬೈಕಿನಲ್ಲಿ ಬಂದು ಫೋನ್ ಕಸಿದೊಯ್ಯುವುದು ಅಲ್ಲಿ ಹಳೆಯ ಕಸುಬು.

ಹೋಟೆಲಿನವರು ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರಂತೆ. ಮದುವೆ ಪ್ರಮಾಣಪತ್ರವೂ ಬೇಕೇ?

ತಂಗಿದವರ ವಿವರವನ್ನು ಪೊಲೀಸರಿಗೆ ದಾಖಲಿಸುವುದು ಅವರಿಗೆ ಕಡ್ಡಾಯ, ಅದಕ್ಕೇ ಕೇಳುತ್ತಾರೆ. ಫೋಟೊ ತೆಗೆದು ಆಗಲೇ ಕೊಡಿ ಎಂದು ನಗುತ್ತಲೇ ಹೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ವಿದೇಶಿ ಜೋಡಿಗಳಿಗೆ ಮದುವೆಯ ಕಾಗದ ಕೇಳುವುದಿಲ್ಲ.

ಕ್ರಿಸ್‌ಮಸ್ ಮತ್ತು 31ರ ರಾತ್ರಿ ಎಲ್ಲ ಮುಚ್ಚಿರುತ್ತದೆಯೇ?

ಇಲ್ಲ. ಕ್ರಿಸ್‌ಮಸ್ ಅಲ್ಲಿ ಸರ್ಕಾರಿ ರಜೆಯೇ ಅಲ್ಲ, ಆದರೂ 24ರ ಸಂಜೆ ಹನೋಯ್‌ನ ಸೇಂಟ್ ಜೋಸೆಫ್ ಚರ್ಚಿನ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಜನವರಿ 1 ಒಂದು ದಿನದ ರಜೆ. ಊರಿಗೆ ಊರೇ ಬಾಗಿಲು ಹಾಕುವುದು ತೇಟ್ ಹಬ್ಬಕ್ಕೆ, ಅಂದರೆ ಅವರ ಚಾಂದ್ರಮಾನ ಹೊಸವರ್ಷಕ್ಕೆ. ಅದು ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುತ್ತದೆ, 2027ರಲ್ಲಿ ಫೆಬ್ರವರಿ 6ಕ್ಕೆ. ದಾ ನಾಂಗ್ ಮತ್ತು ಫೂ ಕ್ವಾಕ್‌ನ ಕೆಲವು ದೊಡ್ಡ ರೆಸಾರ್ಟ್‌ಗಳು 24 ಮತ್ತು 31ರ ರಾತ್ರಿಗೆ ‘ಗಾಲಾ ಡಿನ್ನರ್’ ಕಡ್ಡಾಯ ಮಾಡಿ ತಲಾ ದುಡ್ಡು ಕೀಳುತ್ತವೆ. ಬುಕಿಂಗ್‌ನ ಸಣ್ಣಕ್ಷರ ಓದಿ.

ಹೋಯ್ ಆನ್‌ನಿಂದ ಮೀ ಸೊನ್ ನೋಡಲೇಬೇಕೆ?

ಕನ್ನಡದವರು ನೋಡಲೇಬೇಕು ಅನ್ನುತ್ತೇವೆ. 40 ಕಿ.ಮೀ. ದೂರದ ಕಣಿವೆಯಲ್ಲಿ, ಆ ಭಾಗವನ್ನು ಹಿಂದೆ ಆಳುತ್ತಿದ್ದ ಚಂಪಾ ಅರಸರು 4ರಿಂದ 13ನೇ ಶತಮಾನದವರೆಗೆ ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳಿವೆ. ಮೊದಲ ದೇವರ ಹೆಸರು ಭದ್ರೇಶ್ವರ, ಶಾಸನಗಳು ಸಂಸ್ಕೃತ ಮತ್ತು ಚಾಮ್ ಭಾಷೆಯವು. 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ದೊಡ್ಡ ಗುಡಿ ನೆಲಸಮವಾಯಿತು, ಬಾಂಬಿನ ಹೊಂಡಗಳು ಇವತ್ತಿಗೂ ಕಾಣುತ್ತವೆ. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ಜೀರ್ಣೋದ್ಧಾರ ಮಾಡಿದೆ. 2020ರ ಮೇ ತಿಂಗಳಲ್ಲಿ ಆ ಕೆಲಸದ ನಡುವೆಯೇ 9ನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ಕಿತು. ಪೂಜೆ ಇಲ್ಲ, ಗಂಟೆ ಇಲ್ಲ. ಬೆಳಿಗ್ಗೆ ಎಂಟರೊಳಗೆ ತಲುಪಿದರೆ ಬಸ್ಸಿನ ಗುಂಪುಗಳೂ ಇಲ್ಲ. ಮಳೆಯಲ್ಲಿ ಇಟ್ಟಿಗೆ ಹಾಸು ಪಾಚಿಗಟ್ಟಿ ಜಾರುತ್ತದೆ, ಚಪ್ಪಲಿ ಬೇಡ, ಶೂ ಇರಲಿ.

ಆರೋಗ್ಯಕ್ಕೆ ಏನು ತಯಾರಿ?

ಹನೋಯ್‌ನ ಚಳಿಗಾಲದ ಗಾಳಿ ಬಹಳ ಕೊಳಕು. ತಣ್ಣನೆ ಗಾಳಿ ನೆಲಕ್ಕೆ ಕೂತು ಹೊಗೆ ಮೇಲೇಳದಂತೆ ಮುಚ್ಚಿಡುತ್ತದೆ. ಉಬ್ಬಸ ಇರುವವರು ಇನ್‌ಹೇಲರ್ ಮತ್ತು ಎನ್95 ಮಾಸ್ಕ್ ಮರೆಯಬಾರದು. ನಲ್ಲಿ ನೀರು ಕುಡಿಯಬೇಡಿ. ಪ್ಯಾರಾಸಿಟಮಾಲ್, ಓಆರ್‌ಎಸ್, ವಾಂತಿ ಮತ್ತು ಅಲರ್ಜಿಯ ಮಾತ್ರೆಗಳನ್ನು ಅವು ಬಂದ ಸ್ಟ್ರಿಪ್‌ನಲ್ಲೇ ಇಟ್ಟು, ದಿನವೂ ತೆಗೆದುಕೊಳ್ಳುವ ಔಷಧಿಗೆ ವೈದ್ಯರ ಚೀಟಿ ಜೊತೆಗಿಡಿ. ಪ್ಯಾಡ್‌ಗಳು ಊರಿನ ಎಲ್ಲ ಕನ್ವೀನಿಯನ್ಸ್ ಅಂಗಡಿಗಳಲ್ಲಿ ಸಿಗುತ್ತವೆ, ರಾತ್ರಿ ರೈಲಿಗೆ ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ. ಆಂಬುಲೆನ್ಸ್ 115, ಪೊಲೀಸ್ 113.

ಒಬ್ಬರಿಗೆ ಆರಕ್ಕೆ ಎದ್ದು ತಿರುಗಬೇಕು, ಇನ್ನೊಬ್ಬರಿಗೆ ಮಲಗಬೇಕು. ಏನು ಮಾಡುವುದು?

ಪ್ರತಿ ಮೂರನೇ ದಿನ ಅರ್ಧ ದಿನ ಬೇರೆಬೇರೆಯಾಗಿ ಕಳೆಯುವುದನ್ನು ಮೊದಲೇ ಯೋಜನೆಯಲ್ಲಿ ಬರೆದಿಡಿ. ಮುನಿಸಿಕೊಂಡ ಮೇಲೆ ಬೇರೆಯಾದರೆ ಅದು ಶಿಕ್ಷೆಯ ಹಾಗೆ ಅನ್ನಿಸುತ್ತದೆ. ಹೋಯ್ ಆನ್ ಇದಕ್ಕೆ ಹೇಳಿ ಮಾಡಿಸಿದ ಊರು, ಎಲ್ಲಿ ನಡೆದರೂ ಕಾಲು ಗಂಟೆಯಲ್ಲಿ ಕೋಣೆ ಸಿಗುತ್ತದೆ. ಹೋಟೆಲಿನ ಕಾರ್ಡು ಇಬ್ಬರ ಜೇಬಿನಲ್ಲೂ ಇರಲಿ. ದುಡ್ಡಿನ ಜಗಳಕ್ಕೆ ಮದ್ದು ಒಂದೇ ಪರ್ಸು: ಬೆಳಿಗ್ಗೆ ದಿನದ 15 ಲಕ್ಷ ಡಾಂಗ್ ಅದಕ್ಕೆ ಹಾಕಿ, ದಿನ ಬಿಟ್ಟು ದಿನ ಒಬ್ಬೊಬ್ಬರು ಹಿಡಿಯಿರಿ.

ಪಾಸ್‌ಪೋರ್ಟ್ ಕಳೆದರೆ?

ಮೊದಲು ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಭಾಷೆ ಗೊತ್ತಿರುವ ಹೋಟೆಲಿನವರನ್ನು ಜೊತೆಗೆ ಕರೆದೊಯ್ಯಿರಿ. ಅದನ್ನು ಹಿಡಿದು ಹನೋಯ್‌ನ ಭಾರತೀಯ ರಾಯಭಾರ ಕಚೇರಿಗೆ, ಇಲ್ಲವೇ ಹೋ ಚಿ ಮಿನ್ ಸಿಟಿಯ ಕಾನ್ಸುಲೇಟ್‌ಗೆ ಹೋದರೆ ಊರಿಗೆ ಮರಳಲು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದಷ್ಟೇ ಸಾಲದು. ಕಳೆದ ಪಾಸ್‌ಪೋರ್ಟ್ ಜೊತೆ ವೀಸಾವೂ ಹೋದ ಹಾಗೆ, ಆದ್ದರಿಂದ ವಿಯೆಟ್ನಾಂನ ವಲಸೆ ಕಚೇರಿಯಿಂದ ಹೊರಹೋಗುವ ಅನುಮತಿಯನ್ನೂ ಪಡೆಯಬೇಕು. ಎಲ್ಲ ಸೇರಿ ಹಲವು ಕೆಲಸದ ದಿನ ಹಿಡಿಯುತ್ತದೆ, ಜನವರಿ 1 ಮತ್ತು ವಾರಾಂತ್ಯ ನಡುವೆ ಬಂದರೆ ಇನ್ನೂ ಹೆಚ್ಚು. ಪಾಸ್‌ಪೋರ್ಟ್, ವೀಸಾ, ವಿಮೆಯ ಪ್ರತಿ ಮತ್ತು ತಲಾ ನಾಲ್ಕು ಫೋಟೊಗಳನ್ನು ಅದಲುಬದಲು ಮಾಡಿಡಿ: ನಿಮ್ಮವು ಅವರ ಚೀಲದಲ್ಲಿ, ಅವರವು ನಿಮ್ಮ ಚೀಲದಲ್ಲಿ.